ಜನರೇಟರಿನ ನ್ಯೂಟ್ರಲ್ ಮತ್ತು ಚೇಂಜ್ ಓವರ್ ಸ್ವಿಚ್ಚಿನ ನಾಲ್ಕನೆಯ ಪೋಲ್

(ಜಯನಗರದಲ್ಲಿ ಒಂದು ಭಾನುವಾರ ಬೆಳಿಗ್ಗೆ ಅಪಾರ್ಟ್‌ಮೆಂಟ್ ನಿವಾಸಿಗಳಿಗೂ ಅಲ್ಲಿ ಕೆಲಸ ಮಾಡುವ ಎಲೆಕ್ಟ್ರಿಷಿಯನ್ನರಿಗೂ ನೀಡಿದ ಉಪನ್ಯಾಸದ ಬರಹ ರೂಪ. ಮಾತಿನಲ್ಲಿ ಸಹಜವಾಗಿ ಬರುವ ಪುನರುಕ್ತಿಗಳನ್ನು ತೆಗೆದಿದ್ದೇನೆ. ಕೊನೆಯಲ್ಲಿ ಒಬ್ಬರು ಕೇಳಿದ ಪ್ರಶ್ನೆಗೆ ಸಮಯ ಸಾಲದೆ ಅರ್ಧಕ್ಕೆ ನಿಲ್ಲಿಸಿದ್ದ ಉತ್ತರವನ್ನು ಇಲ್ಲಿ ಪೂರ್ತಿ ಮಾಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನನ್ನ ಇಂದಿನ ವಿಷಯ ಒಂದು ಸಣ್ಣ ಲೋಹದ ಪಟ್ಟಿಗೆ ಸಂಬಂಧಿಸಿದ್ದು. ಜನರೇಟರಿನ ನ್ಯೂಟ್ರಲ್ ಟರ್ಮಿನಲ್ಲಿನಿಂದ ಹೊರಟು ಅರ್ಥ್ ಪಿಟ್ಟಿಗೆ (ಲೋಹದ ಪೈಪು ಹೂತ ನೆಲದ ಗುಂಡಿಗೆ) ಇಳಿಯಬೇಕಾದ ಆ ಪಟ್ಟಿ ಇರಬೇಕೇ, ಬೇಡವೇ ಎಂಬ ಪ್ರಶ್ನೆಗೆ ನಮ್ಮ ಊರಿನಲ್ಲಿ ಹತ್ತು ಎಲೆಕ್ಟ್ರಿಷಿಯನ್ನರನ್ನು ಕೇಳಿದರೆ ಎರಡು ಉತ್ತರಗಳು ಬರುತ್ತವೆ, ಮತ್ತು ಎರಡೂ ಉತ್ತರಗಳನ್ನು ಅವರು ಅನುಭವದ ಆಧಾರದ ಮೇಲೆಯೇ ಹೇಳುತ್ತಾರೆ. ಪಟ್ಟಿಯ ಪ್ರಶ್ನೆಯನ್ನೂ, ಕಟ್ಟಡವನ್ನು ಮೇನ್ಸಿನಿಂದ ಜನರೇಟರಿಗೆ ಹೊರಳಿಸುವ ಚೇಂಜ್ ಓವರ್ ಸ್ವಿಚ್ಚಿನಲ್ಲಿ ಮೂರು ಪೋಲ್ (ತಂತಿಗೊಂದರಂತೆ ಕೂಡಿಸಿ ಬಿಡುವ ಸಂಪರ್ಕ) ಇರಬೇಕೋ ನಾಲ್ಕು ಪೋಲ್ ಇರಬೇಕೋ ಎಂಬ ಪ್ರಶ್ನೆಯನ್ನೂ ಬೇರೆ ಬೇರೆಯಾಗಿ ಕೇಳುವುದರಿಂದಲೇ ಈ ಗೊಂದಲ ಹುಟ್ಟಿದೆ ಎಂಬುದು ನನ್ನ ತಿಳಿವಳಿಕೆ. ಅವು ಎರಡು ಪ್ರಶ್ನೆಗಳಲ್ಲ, ಒಂದೇ ಪ್ರಶ್ನೆ.

ನಾನು ಕಣ್ಣಾರೆ ಕಂಡ ಒಂದು ಪ್ರಸಂಗದಿಂದ ಆರಂಭಿಸುತ್ತೇನೆ. ನಗರದ ಪೂರ್ವ ಭಾಗದ ಒಂದು ಅಪಾರ್ಟ್‌ಮೆಂಟಿನ ಕಾರ್ಯದರ್ಶಿಯವರು ನನಗೆ ಫೋನ್ ಮಾಡಿ, "ಸಾರ್, ಕೆಇಬಿ ಕರೆಂಟ್ ಇರೋವಾಗ ಏನೂ ಆಗಲ್ಲ, ಡಿಜಿ ಬಂದಾಗ ಮಾತ್ರ ಒಂದಷ್ಟು ಮನೆಗಳಲ್ಲಿ ಸ್ಪೈಕ್ ಬೋರ್ಡ್ ಸುಟ್ಟು ವಾಸನೆ ಬರುತ್ತೆ" ಎಂದರು. ಬೆಸ್ಕಾಂ ಬಂದು ಇಪ್ಪತ್ತು ವರ್ಷ ದಾಟಿದ್ದರೂ ನಮ್ಮ ಜನ ಮೇನ್ಸ್ ಸರಬರಾಜನ್ನು ಇಂದಿಗೂ ಕೆಇಬಿ ಎಂದೇ ಕರೆಯುವುದರಿಂದ ನಾನೂ ಈ ಮಾತಿನಲ್ಲಿ ಹಾಗೆಯೇ ಕರೆಯುತ್ತೇನೆ. ಅಲ್ಲಿದ್ದದ್ದು 125 ಕೆವಿಎ ಡಿಜಿ, ಅಂದರೆ ಡೀಸೆಲ್ ಜನರೇಟರ್. ಸರ್ವಿಸಿನವರು ಬಂದು ಆರ್, ವೈ, ಬಿ ಎಂಬ ಮೂರೂ ಫೇಸುಗಳನ್ನು ನ್ಯೂಟ್ರಲ್ಲಿಗೆ ಹೋಲಿಸಿ ಅಳೆದು, ಮೂರರಲ್ಲೂ 230 ವೋಲ್ಟ್ ಸರಿಯಾಗಿದೆ ಎಂದು ಬರೆದುಕೊಟ್ಟು ಹೋಗಿದ್ದರು. ಅವರ ಅಳತೆಯಲ್ಲಿ ತಪ್ಪಿರಲಿಲ್ಲ, ನಾನು ಅಳೆದಾಗಲೂ ಅಷ್ಟೇ ಬಂತು. ಆಮೇಲೆ ಮೀಟರಿನ ಒಂದು ತುದಿಯನ್ನು ನ್ಯೂಟ್ರಲ್ಲಿನಿಂದ ತೆಗೆದು ಪ್ಯಾನಲ್ಲಿನಲ್ಲಿ ಅರ್ಥ್ ವೈರುಗಳೆಲ್ಲ ಸೇರುವ ಅರ್ಥ್ ಬಸ್‌ಬಾರಿಗೆ ಹಿಡಿದೆ. ಬಿ ಫೇಸಿನಿಂದ ಅರ್ಥಿಗೆ 60 ವೋಲ್ಟ್, ಆರ್ ಮತ್ತು ವೈ ಫೇಸುಗಳಿಂದ ಅರ್ಥಿಗೆ ಸುಮಾರು 348 ವೋಲ್ಟ್, ನ್ಯೂಟ್ರಲ್ಲಿನಿಂದ ಅರ್ಥಿಗೆ 170 ವೋಲ್ಟ್ ತೋರಿಸಿತು.

ಸೊನ್ನೆಯ ಹತ್ತಿರ ಇರಬೇಕಾದ ನ್ಯೂಟ್ರಲ್ 170 ವೋಲ್ಟಿನಲ್ಲಿ ಕುಳಿತಿತ್ತು. ನ್ಯೂಟ್ರಲ್ ಎಂದರೆ ಸೊನ್ನೆ ಎಂದು ನಾವು ಐಟಿಐ ಹುಡುಗರಿಗೆ ಹೇಳಿಕೊಡುತ್ತೇವೆ, ಆದರೆ ಆ ಸೊನ್ನೆ ಜನರೇಟರಿನಲ್ಲಿ ಕರೆಂಟು ಹುಟ್ಟಿಸುವ ಆಲ್ಟರ್ನೇಟರಿನ ಒಳಗೆ ತಾನಾಗಿ ಹುಟ್ಟುವುದಿಲ್ಲ ಎಂಬ ಮುಂದಿನ ಮಾತನ್ನು ಹೇಳುವುದಿಲ್ಲ. ಆಲ್ಟರ್ನೇಟರಿನ ಮೂರು ವೈಂಡಿಂಗುಗಳ ಒಂದೊಂದು ತುದಿ ಸೇರುವ ಸ್ಟಾರ್ ಬಿಂದುವೇ ನ್ಯೂಟ್ರಲ್. ಅಲ್ಲಿಂದ ಪ್ರತಿ ಫೇಸಿಗೂ 230 ವೋಲ್ಟ್ ಇರುತ್ತದೆ, ಫೇಸಿನಿಂದ ಫೇಸಿಗೆ 400 ವೋಲ್ಟ್ ಇರುತ್ತದೆ. ಈ ಅಂತರಗಳನ್ನು ಯಂತ್ರ ಕಾಯ್ದುಕೊಳ್ಳುತ್ತದೆ. ಆದರೆ ಈ ನಾಲ್ಕು ಬಿಂದುಗಳೂ ನಮ್ಮ ಕಾಲ ಕೆಳಗಿನ ನೆಲದಿಂದ ಎಷ್ಟು ವೋಲ್ಟಿನ ದೂರದಲ್ಲಿವೆ ಎಂಬುದನ್ನು ಯಂತ್ರ ನಿರ್ಧರಿಸುವುದಿಲ್ಲ. ಕೆರೆಯಲ್ಲಿ ತೇಲುವ ತೆಪ್ಪದ ಮೂಲೆಗಳ ನಡುವಿನ ಅಂತರ ಎಂದೂ ಬದಲಾಗುವುದಿಲ್ಲ, ಆದರೆ ದಡದ ಗೂಟಕ್ಕೆ ಕಟ್ಟದಿದ್ದರೆ ಯಾವ ಮೂಲೆ ದಡಕ್ಕೆ ಹತ್ತಿರ, ಯಾವುದು ದೂರ ಎಂಬುದು ಗಾಳಿ ಬೀಸಿದಂತೆ ಬದಲಾಗುತ್ತದೆ. ನ್ಯೂಟ್ರಲ್ಲನ್ನು ನೆಲಕ್ಕೆ ಕಟ್ಟುವ ಪಟ್ಟಿಯೇ ಆ ಹಗ್ಗ.

ಆ ಕಟ್ಟಡದಲ್ಲಿ ಗಾಳಿಯ ಕೆಲಸ ಮಾಡಿದ್ದು ಸಂಪಿನೊಳಗಿನ ಪಂಪು. ಅದರ ವೈಂಡಿಂಗಿಗೆ ನೀರು ಇಳಿದು ಬಿ ಫೇಸಿನಿಂದ ಪಂಪಿನ ಮೈಗೆ ಅಲ್ಪ ಸೋರಿಕೆ ಆಗುತ್ತಿತ್ತು. ಕೆಇಬಿ ಇದ್ದಾಗ ಟ್ರಾನ್ಸ್‌ಫಾರ್ಮರಿನ ನ್ಯೂಟ್ರಲ್ ನೆಲಕ್ಕೆ ಗಟ್ಟಿಯಾಗಿ ಕಟ್ಟಿದ್ದರಿಂದ ಆ ಸೋರಿಕೆಯಿಂದ ವೋಲ್ಟೇಜು ಕದಲುತ್ತಿರಲಿಲ್ಲ. ಸೋರಿದ ಕರೆಂಟು ಬ್ರೇಕರನ್ನು ಬೀಳಿಸುವಷ್ಟೂ ಇರಲಿಲ್ಲ, ಪಂಪಿನ ಲೈನಿಗೆ ಸೋರಿಕೆ ರಕ್ಷಣೆಯೂ ಇರಲಿಲ್ಲ. ಡಿಜಿ ಬಂದಾಗ ನೆಲದ ಜೊತೆಗೆ ಬೇರೆ ಯಾವ ಗಟ್ಟಿ ಸಂಬಂಧವೂ ಇಲ್ಲದ ಕಾರಣ ಅದೇ ಅಲ್ಪ ಸೋರಿಕೆ ಬಿ ಫೇಸನ್ನು ನೆಲದತ್ತ ಎಳೆದುಕೊಂಡಿತು, ಉಳಿದ ಎರಡು ಫೇಸುಗಳು ನೆಲದಿಂದ 348 ವೋಲ್ಟಿನಷ್ಟು ಮೇಲೆದ್ದವು. ಸ್ಪೈಕ್ ಬೋರ್ಡುಗಳ ಒಳಗೆ ಫೇಸಿಗೂ ಅರ್ಥಿಗೂ ನಡುವೆ ವೇರಿಸ್ಟರ್ ಎಂಬ ಬಿಲ್ಲೆಯಾಕಾರದ ಭಾಗ ಇರುತ್ತದೆ. ಸಾಮಾನ್ಯವಾಗಿ ಅದು ನಿರಂತರವಾಗಿ ತಾಳಿಕೊಳ್ಳುವುದು 275 ವೋಲ್ಟನ್ನು ಮಾತ್ರ. ಸುಟ್ಟಿದ್ದ ಬೋರ್ಡುಗಳೆಲ್ಲ ಆರ್ ಮತ್ತು ವೈ ಫೇಸಿನ ಮನೆಗಳವು. ಒಂದನ್ನು ಬಿಚ್ಚಿ ನೋಡಿದೆ. ನೀಲಿ ಬಿಲ್ಲೆ ಸೀಳಿ ಕಪ್ಪಾಗಿತ್ತು, ಪಕ್ಕದ ಪ್ಲಾಸ್ಟಿಕ್ ಕರಗಿತ್ತು, ಆದರೆ ಬೋರ್ಡಿನ ಫ್ಯೂಸ್ ಹಾಗೆಯೇ ಇತ್ತು.

ಸೋರಿಕೆ ಪೂರ್ತಿಯಾಗಿ ಶಾರ್ಟ್ ಆಗಿದ್ದರೆ ಆ ಎರಡು ಫೇಸುಗಳು ನೆಲದಿಂದ 400 ವೋಲ್ಟಿಗೆ ಏರುತ್ತಿದ್ದವು, ಮತ್ತು ಆಗಲೂ ಯಾವ ಬ್ರೇಕರೂ ಬೀಳುತ್ತಿರಲಿಲ್ಲ. ಕರೆಂಟು ಹೊರಟ ಜಾಗಕ್ಕೆ ಮರಳಿದರೆ ಮಾತ್ರ ಬ್ರೇಕರಿಗೆ ದೋಷ ತಿಳಿಯುತ್ತದೆ. ಹೊರಟ ಜಾಗ ಸ್ಟಾರ್ ಬಿಂದು, ಅದಕ್ಕೂ ನೆಲಕ್ಕೂ ದಾರಿಯೇ ಇಲ್ಲದಿದ್ದರೆ ಮೊದಲ ದೋಷ ಸದ್ದಿಲ್ಲದೆ ಕುಳಿತುಕೊಳ್ಳುತ್ತದೆ. ಆರ್‌ಸಿಸಿಬಿಯೂ ಬೀಳುವುದಿಲ್ಲ, ಏಕೆಂದರೆ ಆ ಸೋರಿಕೆ ರಕ್ಷಣೆಯ ಸ್ವಿಚ್ಚು ಅಳೆಯುವುದು ಫೇಸಿನಲ್ಲಿ ಹೋದದ್ದಕ್ಕೂ ನ್ಯೂಟ್ರಲ್ಲಿನಲ್ಲಿ ಬಂದದ್ದಕ್ಕೂ ಇರುವ ವ್ಯತ್ಯಾಸವನ್ನು, ಸೋರಿದ ಕರೆಂಟಿಗೆ ಮರಳುವ ದಾರಿ ಇಲ್ಲದಿದ್ದರೆ ಆ ವ್ಯತ್ಯಾಸವೇ ಹುಟ್ಟುವುದಿಲ್ಲ. ಆಮೇಲೆ ಇನ್ನೊಂದು ಫೇಸಿನಲ್ಲಿ, ಇನ್ನೊಂದು ಮನೆಯಲ್ಲಿ ಎರಡನೆಯ ದೋಷ ಬಂದ ಕ್ಷಣ ಅದು ಎರಡು ಮನೆಗಳ ಅರ್ಥ್ ವೈರುಗಳ ಮೂಲಕ ಸಾಗುವ ಫೇಸಿನಿಂದ ಫೇಸಿನ ಶಾರ್ಟ್ ಆಗುತ್ತದೆ. ತೇಲುವ ನ್ಯೂಟ್ರಲ್ ಇದ್ದರೆ ಒಂದು ಫೇಸ್ ಮುಟ್ಟಿದರೂ ಶಾಕ್ ಹೊಡೆಯುವುದಿಲ್ಲ, ಆದ್ದರಿಂದ ಅದೇ ಸುರಕ್ಷಿತ ಎಂದು ವಾದಿಸುವವರಿದ್ದಾರೆ. ಆಪರೇಷನ್ ಥಿಯೇಟರಿನಲ್ಲಿ ಇನ್ಸುಲೇಷನ್ ನಿಗಾ ಉಪಕರಣವನ್ನು ಇಟ್ಟುಕೊಂಡು, ಮೊದಲ ದೋಷಕ್ಕೇ ಗಂಟೆ ಬಾರಿಸುವಂತೆ ಮಾಡಿ ನಡೆಸುವ ಪದ್ಧತಿ ಅದು. ನೂರು ಮನೆಗಳ ಕಟ್ಟಡದಲ್ಲಿ ಯಾವ ನಿಗಾ ಉಪಕರಣವೂ ಇಲ್ಲದೆ ನೂರಾರು ಫಿಲ್ಟರುಗಳು, ಹಳೆಯ ಪಂಪುಗಳು, ನೆನೆದ ಕೇಬಲ್ಲುಗಳು ಇರುವಾಗ ಆ ವಾದ ಒಂದು ಗಂಟೆಯೂ ನಿಲ್ಲುವುದಿಲ್ಲ.

ಹಾಗಾದರೆ ಅಲ್ಲಿ ಪಟ್ಟಿಯನ್ನು ಹಾಕಿರಲಿಲ್ಲವೇ? ಹಾಕಿದ್ದರು. ಜನರೇಟರಿನ ಪಕ್ಕದಲ್ಲಿ ಕ್ರಮಬದ್ಧವಾಗಿ ನಾಲ್ಕು ಅರ್ಥ್ ಪಿಟ್ಟುಗಳಿದ್ದವು, ಎರಡು ಯಂತ್ರದ ಬಾಡಿಗೆ (ಲೋಹದ ಮೈಗೆ), ಎರಡು ನ್ಯೂಟ್ರಲ್ಲಿಗೆ. ನ್ಯೂಟ್ರಲ್ಲಿನ ಎರಡು ಜಿಐ ಪಟ್ಟಿಗಳು ಗೋಡೆಯ ಮೇಲೆ ಏರಿ ಬಂದು ಆಲ್ಟರ್ನೇಟರಿನ ಟರ್ಮಿನಲ್ ಬಾಕ್ಸಿನಿಂದ ಒಂದು ಗೇಣು ಈಚೆಗೆ ನಿಂತಿದ್ದವು. ಬೋಲ್ಟಿನ ತೂತುಗಳ ಸುತ್ತ ವಾಷರಿನ ಗುರುತು ಇನ್ನೂ ಹೊಳೆಯುತ್ತಿತ್ತು. ಅಂದರೆ ಒಂದು ಕಾಲಕ್ಕೆ ಜೋಡಿಸಿದ್ದನ್ನು ಯಾರೋ ಬಿಚ್ಚಿದ್ದರು. ಹಳೆಯ ರಿಜಿಸ್ಟರ್ ತೆಗೆಸಿ ನೋಡಿದಾಗ ಕಥೆ ತಿಳಿಯಿತು. ಮೊದಲು ಅಲ್ಲಿದ್ದದ್ದು ಮೂರು ಪೋಲಿನ ಚೇಂಜ್ ಓವರ್. ಕೆಇಬಿ ಇರುವಾಗ ಮೇನ್ ಬ್ರೇಕರಿನ ಅರ್ಥ್ ಫಾಲ್ಟ್ ರಿಲೇ (ನೆಲಕ್ಕೆ ಹರಿಯುವ ಕರೆಂಟನ್ನು ಗುರುತಿಸಿ ಬ್ರೇಕರನ್ನು ಬೀಳಿಸುವ ಉಪಕರಣ) ಪದೇ ಪದೇ ಬೀಳುತ್ತಿತ್ತು, ಒಬ್ಬ ಅನುಭವಿ ಎಲೆಕ್ಟ್ರಿಷಿಯನ್ ಡಿಜಿಯ ನ್ಯೂಟ್ರಲ್ ಪಟ್ಟಿಗಳನ್ನು ಬಿಚ್ಚಿದರು, ರಿಲೇ ಬೀಳುವುದು ನಿಂತಿತು. ಕೆಲವು ವರ್ಷಗಳ ನಂತರ ಪ್ಯಾನಲ್ ಬದಲಾಯಿಸಿದಾಗ ಬೇರೆಯವರು, ಮೇನ್ಸ್ ಹೋದಾಗ ತಾನಾಗಿ ಡಿಜಿಗೆ ಹೊರಳಿಸುವ ನಾಲ್ಕು ಪೋಲಿನ ಎಎಂಎಫ್ ಪ್ಯಾನಲ್ ಕೂರಿಸಿದರು. ಪಟ್ಟಿಗಳ ವಿಷಯ ಅವರಿಗೆ ಗೊತ್ತಿರಲಿಲ್ಲ. ಬಿಚ್ಚಿದವರು ತಮ್ಮ ಕಾಲದ ಸ್ವಿಚ್ಚಿಗೆ ತಕ್ಕ ಕೆಲಸ ಮಾಡಿದ್ದರು, ನಾಲ್ಕು ಪೋಲ್ ಹಾಕಿದವರೂ ಸರಿಯಾದ ಸ್ವಿಚ್ಚನ್ನೇ ಹಾಕಿದ್ದರು. ಎರಡು ಸರಿಗಳು ಕೂಡಿ ಒಂದು ದೊಡ್ಡ ತಪ್ಪಾಗಿತ್ತು.

ಅದು ಹೇಗೆ ಎಂಬುದೇ ಇಂದಿನ ಉಪನ್ಯಾಸದ ತಿರುಳು. ಮೂರು ಪೋಲಿನ ಚೇಂಜ್ ಓವರ್ ಫೇಸುಗಳನ್ನು ಮಾತ್ರ ಬದಲಾಯಿಸುತ್ತದೆ. ಕೆಇಬಿಯ ನ್ಯೂಟ್ರಲ್, ಡಿಜಿಯ ನ್ಯೂಟ್ರಲ್, ಕಟ್ಟಡದ ನ್ಯೂಟ್ರಲ್ ಮೂರೂ ಒಂದೇ ಬಸ್‌ಬಾರಿನಲ್ಲಿ ಸದಾ ಕೂಡಿಕೊಂಡಿರುತ್ತವೆ. ಟ್ರಾನ್ಸ್‌ಫಾರ್ಮರ್ ಆವರಣದಲ್ಲಿಯೇ ಇದ್ದು ಅದರ ನ್ಯೂಟ್ರಲ್ಲಿಗೆ ಅರ್ಥಿಂಗ್ ಇದ್ದರೆ, ಡಿಜಿ ನಡೆಯುವಾಗಲೂ ಅದರ ನ್ಯೂಟ್ರಲ್ಲಿಗೆ ಅದೇ ಅರ್ಥಿಂಗ್ ದೊರೆಯುತ್ತದೆ. ಈಗ ಡಿಜಿಯ ಬಳಿಯೂ ನ್ಯೂಟ್ರಲ್ಲನ್ನು ನೆಲಕ್ಕೆ ಕಟ್ಟಿದರೆ ಒಂದೇ ನ್ಯೂಟ್ರಲ್ಲಿಗೆ ಎರಡು ಕಡೆ ಅರ್ಥಿಂಗ್ ಆಗುತ್ತದೆ. ಕೆಇಬಿ ಇರುವಾಗ ನ್ಯೂಟ್ರಲ್ಲಿನಲ್ಲಿ ಮರಳಬೇಕಾದ ಕರೆಂಟಿಗೆ ಅರ್ಥ್ ಪಟ್ಟಿಯೂ ಒಂದು ಸಮಾನಾಂತರ ದಾರಿಯಾಗುತ್ತದೆ. ಉದಾಹರಣೆಗೆ ನ್ಯೂಟ್ರಲ್ ಕೇಬಲ್ಲಿನ ದಾರಿ 0.02 ಓಮ್, ಅರ್ಥ್ ಪಟ್ಟಿಗಳ ದಾರಿ 0.04 ಓಮ್ ಎಂದಿಟ್ಟುಕೊಳ್ಳೋಣ. ಮರಳುವ 120 ಆಂಪಿಯರಿನಲ್ಲಿ 80 ಆಂಪಿಯರ್ ನ್ಯೂಟ್ರಲ್ಲಿನಲ್ಲಿ ಬಂದರೆ 40 ಆಂಪಿಯರ್ ಅರ್ಥ್ ಪಟ್ಟಿಯಲ್ಲಿ ಹರಿಯುತ್ತದೆ. ಯಾವ ದೋಷವೂ ಇಲ್ಲದ ಮಾಮೂಲಿ ದಿನದಲ್ಲಿ, ಯಾರು ಬೇಕಾದರೂ ಮುಟ್ಟುವ ಪಟ್ಟಿಯಲ್ಲಿ ಹರಿಯುವ ಕರೆಂಟು ಇದು. ಅರ್ಥ್ ಫಾಲ್ಟ್ ರಿಲೇ ಅದನ್ನು ದೋಷವೆಂದೇ ತಿಳಿದು ಬೀಳುತ್ತದೆ. ನಿಜವಾದ ದೋಷ ಬಂದಾಗ ಇದಕ್ಕೆ ವಿರುದ್ಧವಾದದ್ದೂ ಆಗಬಹುದು, ದೋಷದ ಕರೆಂಟಿನ ಒಂದು ಪಾಲು ನ್ಯೂಟ್ರಲ್ಲಿನ ದಾರಿ ಹಿಡಿದು ರಿಲೇಗೆ ಕಡಿಮೆ ಕಾಣಿಸಬಹುದು. ಮೊದಲನೆಯದು ಕಿರಿಕಿರಿ, ಎರಡನೆಯದು ಅಪಾಯ.

ನಾಲ್ಕು ಪೋಲಿನ ಚೇಂಜ್ ಓವರ್ ನ್ಯೂಟ್ರಲ್ಲನ್ನೂ ಬದಲಾಯಿಸುತ್ತದೆ. ಡಿಜಿಯ ಕಡೆಗೆ ಹೊರಳಿದ ಕ್ಷಣ ಕಟ್ಟಡದ ನ್ಯೂಟ್ರಲ್ಲಿಗೂ ಟ್ರಾನ್ಸ್‌ಫಾರ್ಮರಿನ ನ್ಯೂಟ್ರಲ್ಲಿಗೂ ಸಂಬಂಧ ಕಡಿಯುತ್ತದೆ, ಅದರ ಜೊತೆಗೆ ಅರ್ಥಿಂಗೂ ಕಡಿಯುತ್ತದೆ. ಆದ್ದರಿಂದ ಡಿಜಿಗೆ ತನ್ನದೇ ಅರ್ಥಿಂಗ್ ಇರಲೇಬೇಕು. ಮೂರು ಪೋಲಿನ ಸ್ವಿಚ್ಚಿನೊಂದಿಗೆ ಡಿಜಿಯ ಬಳಿ ಪಟ್ಟಿ ಇದ್ದರೆ ಎರಡು ಕಡೆ ಅರ್ಥಿಂಗ್, ನಾಲ್ಕು ಪೋಲಿನ ಸ್ವಿಚ್ಚಿನೊಂದಿಗೆ ಪಟ್ಟಿ ಇಲ್ಲದಿದ್ದರೆ ಎಲ್ಲೂ ಅರ್ಥಿಂಗ್ ಇಲ್ಲ. ಯಾವ ಗಳಿಗೆಯಲ್ಲಿ ನೋಡಿದರೂ ಕಟ್ಟಡಕ್ಕೆ ಕರೆಂಟು ಕೊಡುತ್ತಿರುವ ಮೂಲದ ನ್ಯೂಟ್ರಲ್ ನೆಲಕ್ಕೆ ಒಂದು ಜಾಗದಲ್ಲಿ, ಒಂದೇ ಜಾಗದಲ್ಲಿ ಕಟ್ಟಿರಬೇಕು. ಒಂದು ಜಾಗ ಎಂದಾಗ ಒಂದೇ ಪಟ್ಟಿ ಎಂದು ತಿಳಿಯಬಾರದು. ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮಗಳು ಪ್ರತಿ ಜನರೇಟರಿನ ಮತ್ತು ಪ್ರತಿ ಟ್ರಾನ್ಸ್‌ಫಾರ್ಮರಿನ ನ್ಯೂಟ್ರಲ್ ಬಿಂದುವನ್ನು ಕನಿಷ್ಠ ಎರಡು ಪ್ರತ್ಯೇಕ ಸಂಪರ್ಕಗಳಿಂದ ಅರ್ಥ್ ಮಾಡಬೇಕೆಂದು ವಿಧಿಸುತ್ತವೆ, ಒಂದು ತುಕ್ಕು ಹಿಡಿದರೂ ಇನ್ನೊಂದು ಇರಲಿ ಎಂಬುದೇ ಅದರ ಉದ್ದೇಶ. ಪ್ರತಿ ಜನರೇಟರಿನ ನ್ಯೂಟ್ರಲ್ಲಿಗೂ ಅರ್ಥಿಂಗ್ ಕಡ್ಡಾಯವೆಂದ ಮೇಲೆ ನಮ್ಮಲ್ಲಿ ಅದಕ್ಕೆ ಹೊಂದುವ ಸ್ವಿಚ್ಚು ನಾಲ್ಕು ಪೋಲಿನದೇ.

ಅಂತರ್ಜಾಲದಲ್ಲಿ ಅಮೆರಿಕದ ವಿಡಿಯೋಗಳನ್ನು ನೋಡಿದ ಕೆಲವು ಯುವ ಮಿತ್ರರು, ಅಲ್ಲಿ ಮನೆಯ ಜನರೇಟರಿನಲ್ಲಿ ನ್ಯೂಟ್ರಲ್ಲಿಗೂ ಬಾಡಿಗೂ ಇರುವ ಜೋಡಣೆಯನ್ನು ತೆಗೆಯುವಂತೆ ಹೇಳುತ್ತಾರಲ್ಲ ಎಂದು ಕೇಳುತ್ತಾರೆ. ಅಲ್ಲಿನ ಮನೆಗಳ ಟ್ರಾನ್ಸ್‌ಫರ್ ಸ್ವಿಚ್ಚು ಸಾಮಾನ್ಯವಾಗಿ ನ್ಯೂಟ್ರಲ್ಲನ್ನು ಬದಲಾಯಿಸುವುದಿಲ್ಲ, ಮನೆಯ ಮುಖ್ಯ ಪ್ಯಾನಲ್ಲಿನಲ್ಲಿ ನ್ಯೂಟ್ರಲ್ಲನ್ನು ಅರ್ಥಿಗೆ ಜೋಡಿಸಿರುತ್ತಾರೆ, ಆದ್ದರಿಂದ ಎರಡನೆಯ ಜೋಡಣೆ ಬೇಡ. ನ್ಯೂಟ್ರಲ್ಲನ್ನು ಬದಲಾಯಿಸುವ ಸ್ವಿಚ್ಚು ಇದ್ದರೆ ಅಲ್ಲಿನ ಕೋಡೂ ಜನರೇಟರನ್ನು ಪ್ರತ್ಯೇಕ ಮೂಲವೆಂದು ಪರಿಗಣಿಸಿ ಅದಕ್ಕೆ ಸ್ವಂತ ಜೋಡಣೆಯನ್ನು ಕೇಳುತ್ತದೆ. ಬೆಸ್ಕಾಂ ಎಲ್‌ಟಿ ಸರಬರಾಜು ಪಡೆಯುವ ನಮ್ಮ ಮನೆಗಳ ಬೋರ್ಡಿನಲ್ಲಿ ಹಾಗೆ ನ್ಯೂಟ್ರಲ್ಲನ್ನೂ ಅರ್ಥನ್ನೂ ಜೋಡಿಸುವುದಿಲ್ಲ, ಜೋಡಿಸಲೂಬಾರದು. ಕಂಬದಿಂದ ಬರುವ ನ್ಯೂಟ್ರಲ್ ಎಲ್ಲಿಯಾದರೂ ತುಂಡಾದರೆ ಆ ಮನೆಯ ಫ್ರಿಜ್ಜು, ವಾಷಿಂಗ್ ಮಷೀನು, ನಲ್ಲಿಗಳೆಲ್ಲವೂ ಕರೆಂಟಿನ ಮೈಗಳಾಗುತ್ತವೆ.

ನಾಲ್ಕನೆಯ ಪೋಲಿಗೂ ಒಂದು ಅಪಾಯವಿದೆ, ಅದನ್ನು ಮುಚ್ಚಿಟ್ಟು ನಾಲ್ಕು ಪೋಲನ್ನು ಹೊಗಳುವುದು ನ್ಯಾಯವಲ್ಲ. ನ್ಯೂಟ್ರಲ್ಲಿನ ದಾರಿಯಲ್ಲಿ ಒಂದು ಸಂಪರ್ಕವನ್ನು ಇಟ್ಟ ಮೇಲೆ ಅದು ಕೆಡಲೂಬಹುದು. ಫೇಸುಗಳು ಕೂಡಿದ್ದು ನ್ಯೂಟ್ರಲ್ ಪೋಲ್ ಮಾತ್ರ ಕೂಡದಿದ್ದರೆ ಏನಾಗುತ್ತದೆಂದು ಲೆಕ್ಕ ಹಾಕಿ ನೋಡೋಣ. ಆರ್ ಫೇಸಿನ ಒಂದು ಮನೆಯಲ್ಲಿ 1,000 ವಾಟಿನ ಇಸ್ತ್ರಿ ಪೆಟ್ಟಿಗೆ, ವೈ ಫೇಸಿನ ಇನ್ನೊಂದು ಮನೆಯಲ್ಲಿ 100 ವಾಟಿನ ಟಿವಿ ಮಾತ್ರ ಚಾಲೂ ಇವೆ ಎಂದುಕೊಳ್ಳಿ. ನ್ಯೂಟ್ರಲ್ ಹೋದಾಗ ಇವೆರಡೂ 400 ವೋಲ್ಟಿನ ನಡುವೆ ಸಾಲಾಗಿ ನಿಲ್ಲುತ್ತವೆ. ಇಸ್ತ್ರಿ ಪೆಟ್ಟಿಗೆಯ ರೋಧ ಸುಮಾರು 53 ಓಮ್, ಟಿವಿಯದು ಅದರ ಹತ್ತರಷ್ಟು. ಪರಿಣಾಮವಾಗಿ ಇಸ್ತ್ರಿ ಪೆಟ್ಟಿಗೆಗೆ ಸಿಗುವುದು 36 ವೋಲ್ಟ್, ಟಿವಿಗೆ ಬೀಳುವುದು 364 ವೋಲ್ಟ್. ಇದು ತೇಲುವ ನ್ಯೂಟ್ರಲ್ಲಿಗಿಂತ ಬೇರೆಯ ದೋಷ. ತೇಲುವಾಗ ಫೇಸಿಗೂ ನ್ಯೂಟ್ರಲ್ಲಿಗೂ 230 ಇದ್ದೇ ಇರುತ್ತದೆ, ಕಡಿದಾಗ ಅದೇ ಕೆಡುತ್ತದೆ. ಇವೆರಡನ್ನೂ "ನ್ಯೂಟ್ರಲ್ ಪ್ರಾಬ್ಲಂ" ಎಂಬ ಒಂದೇ ಹೆಸರಿನಲ್ಲಿ ಕರೆಯುವುದರಿಂದ ಹುಡುಕುವ ಜಾಗವೇ ತಪ್ಪುತ್ತದೆ.

ಒಳ್ಳೆಯ ನಾಲ್ಕು ಪೋಲಿನ ಸ್ವಿಚ್ಚುಗಳಲ್ಲಿ ನ್ಯೂಟ್ರಲ್ ಪೋಲ್ ಫೇಸುಗಳಿಗಿಂತ ಮೊದಲು ಕೂಡುತ್ತದೆ, ಫೇಸುಗಳು ಬಿಟ್ಟ ಮೇಲೆ ಬಿಡುತ್ತದೆ. ಕೊಳ್ಳುವಾಗ ಇದನ್ನು ಕೇಳಿಯೇ ಕೊಳ್ಳಬೇಕು. ನ್ಯೂಟ್ರಲ್ ಪೋಲಿನ ಸಾಮರ್ಥ್ಯ ಫೇಸಿನಷ್ಟೇ ಇರಬೇಕು. ಎಲ್‌ಇಡಿ ದೀಪಗಳು, ಕಂಪ್ಯೂಟರುಗಳು ತುಂಬಿದ ಇಂದಿನ ಕಟ್ಟಡಗಳಲ್ಲಿ ಮೂರನೆಯ ಹಾರ್ಮೋನಿಕ್ ಕರೆಂಟುಗಳು (ಮೂಲ ಆವರ್ತನದ ಮೂರು ಪಟ್ಟು ಆವರ್ತನದವು) ನ್ಯೂಟ್ರಲ್ಲಿನಲ್ಲಿ ಒಂದನ್ನೊಂದು ಕಳೆಯುವ ಬದಲು ಕೂಡಿಕೊಳ್ಳುವುದರಿಂದ ಅರ್ಧ ಸಾಮರ್ಥ್ಯದ ನ್ಯೂಟ್ರಲ್ ಸಾಕಾಗುವುದಿಲ್ಲ. ವರ್ಷಕ್ಕೊಮ್ಮೆಯಾದರೂ ಪ್ಯಾನಲ್ಲನ್ನು ಎರಡೂ ಕಡೆಯಿಂದ ಬಂದ್ ಮಾಡಿ ನಾಲ್ಕೂ ಸಂಪರ್ಕಗಳನ್ನು ಕಣ್ಣಿನಿಂದ ನೋಡಬೇಕು, ಬೋಲ್ಟುಗಳ ಬಿಗಿ ನೋಡಬೇಕು. ಚೇಂಜ್ ಓವರಿನ ನಂತರ ಆನ್‌ಲೈನ್ ಯುಪಿಎಸ್ ಇರುವ ಕಚೇರಿಗಳಲ್ಲಿ, ಸ್ವಿಚ್ಚು ಹೊರಳುವ ಆ ಗಳಿಗೆಯಲ್ಲಿ ಯುಪಿಎಸ್‌ನ ನ್ಯೂಟ್ರಲ್ಲಿಗೂ ನೆಲದ ಸಂಬಂಧ ತಪ್ಪುತ್ತದೆ. ಅಂಥಲ್ಲಿ ನ್ಯೂಟ್ರಲ್ಲನ್ನು ಒಂದು ಕ್ಷಣ ಎರಡೂ ಮೂಲಗಳಿಗೆ ಕೂಡಿಸಿ ಆಮೇಲೆ ಬಿಡುವ ಸ್ವಿಚ್ಚನ್ನೋ ಯುಪಿಎಸ್‌ಗೆ ಐಸೊಲೇಷನ್ ಟ್ರಾನ್ಸ್‌ಫಾರ್ಮರನ್ನೋ ಬಳಸುತ್ತಾರೆ.

ಬೆಂಗಳೂರಿನ ಬಹಳಷ್ಟು ಅಪಾರ್ಟ್‌ಮೆಂಟುಗಳಲ್ಲಿ ಇನ್ನೊಂದು ಚೇಂಜ್ ಓವರ್ ಇದೆ, ಅದು ಪ್ರತಿ ಮನೆಯ ಡಿಬಿಯೊಳಗಿನ (ವಿತರಣಾ ಬೋರ್ಡಿನೊಳಗಿನ) ಎಸಿಸಿಎಲ್. ಕೆಇಬಿ ಹೋದಾಗ ಮನೆಯನ್ನು ಡಿಜಿ ಲೈನಿಗೆ ಹೊರಳಿಸಿ, ಒಪ್ಪಂದದ ಮಿತಿ ಮೀರಿದರೆ ಕಡಿಯುವ ಪುಟ್ಟ ಪೆಟ್ಟಿಗೆ ಅದು. ಅದಕ್ಕೆ ಕೆಇಬಿಯ ಫೇಸ್ ಮತ್ತು ನ್ಯೂಟ್ರಲ್, ಡಿಜಿಯ ಫೇಸ್ ಮತ್ತು ನ್ಯೂಟ್ರಲ್ ಬೇರೆ ಬೇರೆಯಾಗಿ ಬರುತ್ತವೆ. ಮನೆಯ ಒಳಾಂಗಣ ಕೆಲಸ ಮಾಡುವಾಗ ಎರಡು ನ್ಯೂಟ್ರಲ್ಲುಗಳನ್ನು ಒಂದೇ ಲಿಂಕಿಗೆ ಕಟ್ಟಿಬಿಡುವುದು ಬಹಳ ಸಾಮಾನ್ಯ. ಎರಡೂ ಕಪ್ಪು ವೈರು, ಎರಡೂ ನ್ಯೂಟ್ರಲ್ ಎಂಬ ಕಾರಣ ಅದಕ್ಕೆ ಸಾಕು. ಹಾಗೆ ಕಟ್ಟಿದ ಮೇಲೆ ಕೆಇಬಿಯ ಫೇಸಿನಲ್ಲಿ ಬಂದ ಕರೆಂಟಿನ ಒಂದು ಪಾಲು ಡಿಜಿಯ ನ್ಯೂಟ್ರಲ್ಲಿನಲ್ಲಿ ಮರಳುತ್ತದೆ, 30 ಮಿಲಿಆಂಪಿಯರಿನ ಆರ್‌ಸಿಸಿಬಿ ಆ ವ್ಯತ್ಯಾಸಕ್ಕೆ ಬೀಳುತ್ತದೆ. ಬೀಳುತ್ತಿದೆಯೆಂದು ಆರ್‌ಸಿಸಿಬಿಯನ್ನೇ ತೆಗೆದು ಐಸೊಲೇಟರ್ (ರಕ್ಷಣೆಯಿಲ್ಲದ ಬರೀ ಸ್ವಿಚ್ಚು) ಹಾಕಿದ ಮನೆಗಳನ್ನು ನಾನು ಕಂಡಿದ್ದೇನೆ, ಮತ್ತು ಅದು ನನಗೆ ತುಂಬಾ ನೋವು ಕೊಟ್ಟಿದೆ. ಮೇಲಾಗಿ, ಕೆಳಗಿನ ಪ್ಯಾನಲ್ಲಿನಲ್ಲಿ ನ್ಯೂಟ್ರಲ್ಲುಗಳನ್ನು ಎಷ್ಟೇ ಜಾಗರೂಕವಾಗಿ ಬೇರ್ಪಡಿಸಿದ್ದರೂ ಏಳನೆಯ ಮಹಡಿಯ ಒಂದೇ ಒಂದು ಮನೆಯಲ್ಲಿ ಇವು ಕೂಡಿದರೆ ಇಡೀ ಕಟ್ಟಡದ ಎರಡು ನ್ಯೂಟ್ರಲ್ಲುಗಳು ಕೂಡಿದ ಹಾಗೆಯೇ.

ಅದನ್ನು ಕಂಡುಹಿಡಿಯುವ ಪರೀಕ್ಷೆ ಸರಳ. ಕೆಇಬಿ ಇರುವಾಗ, ಸಂಜೆ ಲೋಡು ಚೆನ್ನಾಗಿರುವ ಹೊತ್ತಿನಲ್ಲಿ, ನಿಂತಿರುವ ಡಿಜಿಯ ನ್ಯೂಟ್ರಲ್ಲಿನಿಂದ ಅರ್ಥಿಗೆ ಹೋಗುವ ಎರಡೂ ಪಟ್ಟಿಗಳಿಗೆ, ಒಂದಾದ ಮೇಲೆ ಒಂದಕ್ಕೆ, ಕ್ಲಾಂಪ್ ಮೀಟರ್ (ಸುತ್ತ ಹಿಡಿದು ಕರೆಂಟು ಅಳೆಯುವ ಮೀಟರ್) ಹಾಕಿ. ನಾಲ್ಕು ಪೋಲಿನ ವ್ಯವಸ್ಥೆ ಶುದ್ಧವಾಗಿದ್ದರೆ ಅಲ್ಲಿ ಸೊನ್ನೆ ಇರಬೇಕು. ನಿಂತ ಯಂತ್ರದ ನ್ಯೂಟ್ರಲ್ ಪಟ್ಟಿಯಲ್ಲಿ ಆಂಪಿಯರ್‌ಗಟ್ಟಲೆ ಹರಿಯುತ್ತಿದ್ದರೆ ಎರಡು ನ್ಯೂಟ್ರಲ್ಲುಗಳು ಎಲ್ಲಿಯೋ ಕೂಡಿವೆ ಎಂದೇ ಅರ್ಥ. ಅಲ್ಲಿಂದ ಒಂದೊಂದೇ ರೈಸರಿನ (ಮಹಡಿಗಳಿಗೆ ಏರುವ ಮುಖ್ಯ ಲೈನಿನ) ಡಿಜಿ ನ್ಯೂಟ್ರಲ್ಲಿಗೆ ಕ್ಲಾಂಪ್ ಹಾಕುತ್ತಾ ಹೋದರೆ ಆ ಮನೆ ಸಿಗುತ್ತದೆ. ಡಿಜಿ ನಡೆಯುವಾಗ ಮಾಡಬೇಕಾದ ಪರೀಕ್ಷೆ ಇನ್ನೊಂದು, ಅದರ ಟರ್ಮಿನಲ್ಲಿನಲ್ಲಿ ನ್ಯೂಟ್ರಲ್ಲಿಗೂ ಅರ್ಥಿಗೂ ನಡುವಿನ ವೋಲ್ಟೇಜು. ಅದು ಸೊನ್ನೆಯ ಹತ್ತಿರವೇ ಇರಬೇಕು. ನಡೆಯುವ ಯಂತ್ರದ ನ್ಯೂಟ್ರಲ್ ಲಿಂಕನ್ನು ಪರೀಕ್ಷೆಯ ಹೆಸರಿನಲ್ಲಿ ಎಂದಿಗೂ ಬಿಚ್ಚಬೇಡಿ.

ಇನ್ನು ಅರ್ಥ್ ಪಿಟ್ಟಿನ ಮಾತು. ನ್ಯೂಟ್ರಲ್ಲಿನ ಪಿಟ್ಟುಗಳೂ ಬಾಡಿಯ ಪಿಟ್ಟುಗಳೂ ಬೇರೆ ಬೇರೆ ಇರಬೇಕು ಎಂಬ ಮಾತನ್ನು ಕೆಲವರು ಎಷ್ಟು ಅಕ್ಷರಶಃ ತೆಗೆದುಕೊಂಡಿದ್ದಾರೆಂದರೆ, ಅವೆರಡರ ನಡುವೆ ಯಾವ ಲೋಹದ ಸಂಬಂಧವೂ ಬಾರದಂತೆ ಎಚ್ಚರ ವಹಿಸುತ್ತಾರೆ. ಹಾಗಾದಾಗ ದೋಷದ ಕರೆಂಟು ಬಾಡಿಯ ಪಿಟ್ಟಿನಲ್ಲಿ ಇಳಿದು, ಮಣ್ಣಿನಲ್ಲಿ ಸಾಗಿ, ನ್ಯೂಟ್ರಲ್ಲಿನ ಪಿಟ್ಟಿನಲ್ಲಿ ಏರಬೇಕು. ಎರಡೂ ಪಿಟ್ಟುಗಳು ತಲಾ 2 ಓಮ್ ಇವೆ ಎಂದರೂ 230 ವೋಲ್ಟಿಗೆ ಹರಿಯುವುದು 57 ಆಂಪಿಯರ್ ಮಾತ್ರ. 63 ಆಂಪಿಯರಿನ ಬ್ರೇಕರು ಕೂಡ ಅದಕ್ಕೆ ಬೀಳುವುದಿಲ್ಲ, ದೋಷವಿರುವ ಯಂತ್ರದ ಮೈ 115 ವೋಲ್ಟಿನಲ್ಲಿ ನಿಂತಿರುತ್ತದೆ. ನಮ್ಮ ಊರಿನಲ್ಲಿ 2 ಓಮ್ ಸಿಗುವುದೂ ಸುಲಭವಲ್ಲ. ಮೇಲೆ ಕೆಂಪು ಮಣ್ಣು, ಕೆಳಗೆ ಬಂಡೆ. ಎರಡು ಬೇಸ್‌ಮೆಂಟ್ ತೋಡಿದ ಕಟ್ಟಡಗಳಲ್ಲಿ ಪಿಟ್ಟಿನ ಪೈಪು ನೇರವಾಗಿ ಕಲ್ಲಿಗೇ ತಾಗುತ್ತದೆ, ಏಪ್ರಿಲ್ ಹೊತ್ತಿಗೆ ಪಿಟ್ಟು ಒಣಗಿ ರೋಧ ಇನ್ನೂ ಏರುತ್ತದೆ. ಆದ್ದರಿಂದ ಪಿಟ್ಟುಗಳು ಎಷ್ಟೇ ಇರಲಿ, ನ್ಯೂಟ್ರಲ್ ಅರ್ಥೂ ಬಾಡಿ ಅರ್ಥೂ ಡಿಜಿ ಕೋಣೆಯ ಮುಖ್ಯ ಅರ್ಥ್ ಬಸ್‌ಬಾರಿನಲ್ಲಿ ಲೋಹದಿಂದಲೇ ಸೇರಿರಬೇಕು, ದೋಷದ ಕರೆಂಟು ಮಣ್ಣನ್ನು ನಂಬದೆ ಪಟ್ಟಿಯಲ್ಲಿಯೇ ಮರಳಬೇಕು. ಅಲ್ಲಿ ಸೇರುವುದು ಎರಡು ಕಡೆ ಅರ್ಥಿಂಗ್ ಮಾಡಿದಂತೆ ಆಗುವುದಿಲ್ಲ, ಏಕೆಂದರೆ ನ್ಯೂಟ್ರಲ್ಲನ್ನು ಮುಟ್ಟುವ ಜಾಗ ಇನ್ನೂ ಒಂದೇ.

ಡಿಜಿಯ ವಿಷಯದಲ್ಲಿ ಇದು ಇನ್ನೂ ಮುಖ್ಯವಾಗಲು ಕಾರಣವಿದೆ. 250 ಕೆವಿಎ ಟ್ರಾನ್ಸ್‌ಫಾರ್ಮರ್ ತನ್ನ ಬಾಯಲ್ಲಿ ಶಾರ್ಟ್ ಆದರೆ ಸುಮಾರು 8,000 ಆಂಪಿಯರ್ ಕೊಡಬಲ್ಲದು. 125 ಕೆವಿಎ ಡಿಜಿಯ ಪೂರ್ಣ ಕರೆಂಟು 180 ಆಂಪಿಯರ್. ಮೊದಲ ಕೆಲವು ಕ್ಷಣಗಳ ನಂತರ, ಒಳ್ಳೆಯ ಎಕ್ಸೈಟೇಷನ್ ಇದ್ದರೂ, ಅದು ಹಿಡಿದಿಟ್ಟುಕೊಳ್ಳುವುದು ಇದರ ಸುಮಾರು ಮೂರು ಪಟ್ಟು, ಅಂದರೆ 540 ಆಂಪಿಯರ್ ಮಾತ್ರ. ಹತ್ತು ಪಟ್ಟಿಗೆ ಸೆಟ್ ಮಾಡಿದ 200 ಆಂಪಿಯರಿನ ಎಂಸಿಸಿಬಿ (ಪ್ಯಾನಲ್ಲಿನ ದೊಡ್ಡ ಬ್ರೇಕರು) ತಕ್ಷಣ ಬೀಳಲು 2,000 ಆಂಪಿಯರ್ ಬೇಕು. ಹಾಗಾಗಿ ಡಿಜಿ ನಡೆಯುವಾಗ ದೋಷವನ್ನು ಹಿಡಿಯುವ ಹೊಣೆ ಅರ್ಥ್ ಫಾಲ್ಟ್ ರಿಲೇ ಮತ್ತು ಆರ್‌ಸಿಸಿಬಿಗಳ ಮೇಲೆ ಬೀಳುತ್ತದೆ, ಅವು ಕೆಲಸ ಮಾಡುವುದು ನ್ಯೂಟ್ರಲ್ ನೆಲಕ್ಕೆ ಕಟ್ಟಿದ್ದರೆ ಮಾತ್ರ. ಎರಡು ಡಿಜಿಗಳನ್ನು ಸಿಂಕ್ರೊನೈಸ್ ಮಾಡಿ ಒಟ್ಟಿಗೆ ನಡೆಸುವ ಕಡೆಗಳಲ್ಲಿ ಎರಡರ ನ್ಯೂಟ್ರಲ್ಲನ್ನೂ ಏಕಕಾಲದಲ್ಲಿ ಅರ್ಥ್ ಮಾಡಿದರೆ ಯಂತ್ರಗಳ ನಡುವೆ ಹಾರ್ಮೋನಿಕ್ ಕರೆಂಟು ಸುತ್ತಬಹುದು. ಅಲ್ಲಿ ಕಾಂಟ್ಯಾಕ್ಟರ್ ಮೂಲಕ ಒಂದನ್ನು ಮಾತ್ರ ಅರ್ಥ್ ಮಾಡುವ ಕ್ರಮವಿದೆ.

ಮೊದಲು ಹೇಳಿದ ಅಪಾರ್ಟ್‌ಮೆಂಟಿಗೆ ಮರಳುತ್ತೇನೆ. ಯಂತ್ರ ನಿಲ್ಲಿಸಿ, ಎರಡು ಪಟ್ಟಿಗಳ ತುದಿಯನ್ನು ಉಜ್ಜಿ, ನ್ಯೂಟ್ರಲ್ ಟರ್ಮಿನಲ್ಲಿಗೆ ಬೋಲ್ಟ್ ಮಾಡಿದೆವು. ಪಂಪಿನ ಲೈನಿಗೆ ಸೋರಿಕೆ ರಕ್ಷಣೆ ಹಾಕಿದೆವು. ಡಿಜಿ ಚಾಲೂ ಮಾಡಿ ಪಂಪಿನ ಸ್ವಿಚ್ ಹಾಕಿದ ತಕ್ಷಣ ಅದು ಬಿತ್ತು. "ಸಾರ್, ನೀವು ಬಂದ ಮೇಲೆ ಪಂಪು ಕೆಟ್ಟಿತಲ್ಲ" ಎಂದು ಅಲ್ಲಿನ ಮೇಲ್ವಿಚಾರಕರು ಆತಂಕಪಟ್ಟರು. ಪಂಪು ಕೆಟ್ಟು ಎಷ್ಟೋ ದಿನವಾಗಿತ್ತು, ಆ ದಿನ ಕಾಣಿಸಿಕೊಂಡಿತು. ಪಂಪನ್ನು ಮೇಲೆತ್ತಿ ಮೆಗ್ಗರ್ (ಇನ್ಸುಲೇಷನ್ ಅಳೆಯುವ ಮೀಟರ್) ಹಾಕಿದಾಗ ಅವರಿಗೂ ಅದು ಖಚಿತವಾಯಿತು. ಅವರ ರಿಜಿಸ್ಟರಿನಲ್ಲಿ ನಾನು ಬರೆಸಿದ ಸಾಲು ಹೀಗಿತ್ತು: "ಚೇಂಜ್ ಓವರ್ ನಾಲ್ಕು ಪೋಲ್, ಡಿಜಿ ನ್ಯೂಟ್ರಲ್ ಅರ್ಥ್ ಮಾಡಿದೆ. ಒಂದನ್ನು ಬದಲಾಯಿಸಿದರೆ ಇನ್ನೊಂದನ್ನು ನೋಡುವುದು." ಅದೇ ಸಾಲನ್ನು ಪ್ಯಾನಲ್ ಬಾಗಿಲಿನ ಒಳಗೂ ಬರೆದು ಅಂಟಿಸಿದೆವು.

ಉಪನ್ಯಾಸ ಮುಗಿದ ಮೇಲೆ ಒಬ್ಬ ಹಿರಿಯರು, ತಮ್ಮ ಬಡಾವಣೆಯ ಗಣೇಶೋತ್ಸವಕ್ಕೆ ಲಾರಿಯ ಮೇಲಿನ ಬಾಡಿಗೆ ಜನರೇಟರ್ ತರಿಸುತ್ತೇವೆ, ಅದಕ್ಕೆ ಪಿಟ್ಟೂ ಇಲ್ಲ, ಚೇಂಜ್ ಓವರೂ ಇಲ್ಲ, ಏನು ಮಾಡಬೇಕು ಎಂದು ಕೇಳಿದರು. ರಬ್ಬರ್ ಚಕ್ರಗಳ ಮೇಲೆ ನಿಂತ ಆ ಯಂತ್ರಕ್ಕೆ ನೆಲದ ಸಂಬಂಧವೇ ಇರುವುದಿಲ್ಲ, ಸುತ್ತಲೂ ಕಬ್ಬಿಣದ ಕಂಬಗಳು, ಮಳೆ, ಬರಿಗಾಲಿನ ಮಕ್ಕಳು. ನ್ಯೂಟ್ರಲ್ಲನ್ನು ಜನರೇಟರಿನ ಬಾಡಿಗೆ ಜೋಡಿಸಿ, ಬಾಡಿಯನ್ನು ನೆಲಕ್ಕೆ ಹೊಡೆದ ರಾಡಿಗೆ ಕಟ್ಟಬೇಕು. ಬಾಡಿಯಿಂದ ಹಸಿರು ವೈರನ್ನು ಕೇಬಲ್ಲಿನ ಜೊತೆಯಲ್ಲಿಯೇ ಪ್ರತಿ ಕಂಬದವರೆಗೆ ಒಯ್ಯಬೇಕು, ಹೊರಡುವ ಪ್ರತಿ ಲೈನಿಗೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇರಬೇಕು. ರಾಡಿನ ರೋಧ 50 ಓಮ್ ಇದ್ದರೆ ಅದರ ಮೂಲಕ ಹರಿಯುವ 4.6 ಆಂಪಿಯರಿಗೆ ಬ್ರೇಕರ್ ಬೀಳುವುದಿಲ್ಲ, ಆರ್‌ಸಿಸಿಬಿ ಬೀಳುತ್ತದೆ. ಆರ್‌ಸಿಸಿಬಿಯ ಮೇಲಿನ ಟೆಸ್ಟ್ ಗುಂಡಿಯನ್ನು ಒತ್ತಿ ಬಿದ್ದದ್ದನ್ನು ತೋರಿಸಿ ಎಲ್ಲ ಸರಿಯಿದೆ ಎಂದು ಜನರೇಟರಿನವರು ಹೇಳಬಹುದು. ಆ ಗುಂಡಿ ಫೇಸಿನಿಂದ ನ್ಯೂಟ್ರಲ್ಲಿಗೆ ಒಳಗಿನ ರೆಸಿಸ್ಟರಿನ ಮೂಲಕ ಕರೆಂಟು ಹಾಯಿಸುತ್ತದೆ, ಆದ್ದರಿಂದ ನ್ಯೂಟ್ರಲ್ ತೇಲುತ್ತಿದ್ದರೂ ಆರ್‌ಸಿಸಿಬಿ ಬೀಳುತ್ತದೆ. ಫೇಸಿನಿಂದ ಅರ್ಥ್ ಪಿನ್ನಿಗೆ 30 ಮಿಲಿಆಂಪಿಯರ್ ಹಾಯಿಸುವ ಆರ್‌ಸಿಸಿಬಿ ಟೆಸ್ಟರನ್ನು ಕೊನೆಯ ಕಂಬದ ಸಾಕೆಟ್ಟಿಗೆ ಚುಚ್ಚಿ ಒತ್ತಿ ನೋಡಬೇಕು. ಆಗ ಬೀಳದಿದ್ದರೆ, ಆ ಕೊರತೆ ಸರಿಯಾಗುವವರೆಗೆ ಆ ಜನರೇಟರಿನಿಂದ ಮಂಟಪಕ್ಕೆ ಲೈನು ಕೊಡಬಾರದು.